ಮೂರು ಸಲ ಮಂಜೂರಾದ ಸೇತುವೆ

“ಗುರುಗಳೇ, ನೀವು ಹೇಳಿದ್ದನ್ನೆಲ್ಲ ಒಪ್ಪಿಕೊಂಡಿದ್ದೇನೆ. ಒಂದು ಮಾತಿಗೂ ಎದುರಾಡಿದವನಲ್ಲ. ಆದರೂ ಬಂದ ದಿನ ಹೇಗಿದ್ದೆನೋ ಇಂದೂ ಹಾಗೆಯೇ ಇದ್ದೇನೆ. ಸಿಟ್ಟು ಹಾಗೆಯೇ ಇದೆ, ಆಸೆಯೂ ಹಾಗೆಯೇ ಇದೆ. ಇದು ಯಾಕೆ?” ಎಂದು ಶಿಷ್ಯ ಕೇಳಿದ.

ಗುರು ಅವನ ಮುಖವನ್ನು ಒಮ್ಮೆ ನೋಡಿ ಈ ಕತೆ ಹೇಳಿದರು.

ಒಂದು ಸಣ್ಣ ಪಟ್ಟಣ. ಅದಕ್ಕೊಂದು ಪುರಸಭೆ. ಆ ಪುರಸಭೆ ಯಾರ ಕೋರಿಕೆಯನ್ನೂ ತಳ್ಳಿಹಾಕಿದ್ದಿಲ್ಲ. ಯಾರು ಏನೇ ಕೇಳಲಿ, ಅಧ್ಯಕ್ಷ ಅದನ್ನು ಎದ್ದು ನಿಂತು ಹೇಳುತ್ತಿದ್ದ. ಸದಸ್ಯರೆಲ್ಲ ಅಂಗೈಯಿಂದ ಮೇಜು ತಟ್ಟುತ್ತಿದ್ದರು. ಅಲ್ಲಿಗೆ ಮಂಜೂರು. ಕೇಳಿದವರು ಸಭೆಗೆ ಸಕ್ಕರೆ ಹಂಚುವುದು ವಾಡಿಕೆ. ಊರಿನಲ್ಲಿ ಸಕ್ಕರೆ ಬಹಳ ಖರ್ಚಾಗುತ್ತಿತ್ತು. ಕೆಲಸ ಮಾತ್ರ ಯಾವುದೂ ಆಗುತ್ತಿರಲಿಲ್ಲ. ಆದರೆ ಇಲ್ಲ ಎನ್ನಿಸಿಕೊಂಡವರು ಒಬ್ಬರೂ ಇಲ್ಲದ್ದರಿಂದ, ದೂರು ಕೊಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಪಟ್ಟಣದ ಅಂಚಿನಲ್ಲಿ ಒಂದು ಹಳ್ಳ. ಹಳ್ಳದ ಆಚೆ ನೇಕಾರರ ಕೇರಿ. ಈಚೆ ಒಬ್ಬ ಮುದುಕಿಯ ಮನೆ. ಅವಳು ಸೂಲಗಿತ್ತಿ. ಊರಿನ ಅರ್ಧ ಜನ ಮೊದಲು ಕಂಡ ಮುಖ ಅವಳದೇ. ಬೇಸಿಗೆಯಲ್ಲಿ ಹಳ್ಳ ಸೀರೆಯ ಅಂಚು ನೆನೆಸುವಷ್ಟೂ ಇರುತ್ತಿರಲಿಲ್ಲ. ಮಳೆ ಬಂದರೆ ಎಮ್ಮೆಯನ್ನೂ ಎಳೆದೊಯ್ಯುತ್ತಿತ್ತು. ಕೇರಿಯವರು ವರ್ಷವರ್ಷವೂ ಅಡ್ಡಕ್ಕೊಂದು ದಿಮ್ಮಿ ಹಾಕುತ್ತಿದ್ದರು. ಹಳ್ಳ ವರ್ಷವರ್ಷವೂ ಅದನ್ನು ಒಯ್ಯುತ್ತಿತ್ತು. ಕಲ್ಲಿನ ಕಂಬ ನಿಲ್ಲಿಸದೆ ಬೇರೆ ದಾರಿಯಿರಲಿಲ್ಲ. ಅದು ಕೇರಿಯ ಕೈಯಲ್ಲಿ ಆಗುವ ಕೆಲಸವಲ್ಲ.

ಸೂಲಗಿತ್ತಿ ಪುರಸಭೆಗೆ ಹೋಗಿ ಸೇತುವೆ ಕೇಳಿದಳು. ಸಭೆ ಮೇಜು ತಟ್ಟಿತು. ಅವಳು ಸಕ್ಕರೆ ಹಂಚಿದಳು. ಮಳೆಗಾಲ ಬಂತು, ಸೇತುವೆ ಬರಲಿಲ್ಲ.

ಮರುವರ್ಷ ಮತ್ತೆ ಕೇಳಿದಳು. ಮತ್ತೆ ಮೇಜು, ಮತ್ತೆ ಸಕ್ಕರೆ. ಆ ಮಳೆಗಾಲದಲ್ಲಿ ಕೇರಿಯ ನೇಕಾರನೊಬ್ಬನ ಹೆಂಡತಿಗೆ ಹೆರಿಗೆ ನೋವು ಬಂತು. ಗಂಡ ಆಚೆ ದಡಕ್ಕೆ ಓಡಿಬಂದು ಕೂಗಿದ. ಸೂಲಗಿತ್ತಿ ಈಚೆ ದಡದಲ್ಲಿ ನಿಂತು, ಹೀಗೆ ಮಾಡಿ, ಹಾಗೆ ಹಿಡಿಯಿರಿ ಎಂದು ಗಂಟಲು ಹರಿಯುವಂತೆ ಕೂಗಿ ಹೇಳಿದಳು. ಅರ್ಧ ಮಾತು ನೀರಿನ ಸದ್ದಿನಲ್ಲಿ ಹೋಯಿತು. ಹೆಂಗಸು ಉಳಿದಳು, ಕೂಸು ಉಳಿಯಲಿಲ್ಲ. ನೀರು ಇಳಿದ ಮೇಲೆ ಮುದುಕಿ ದಾಟಿ ಹೋಗಿ ಅವಳ ಪಕ್ಕ ಕೂತಳು. ಸಮಾಧಾನ ಹೇಳಲಿಲ್ಲ. “ಮುಂದಿನ ಸಲ ನಾನು ಇಲ್ಲಿರುತ್ತೇನೆ” ಎಂದಷ್ಟೇ ಹೇಳಿದಳು.

ಮೂರನೆಯ ಸಲ ಅವಳು ಸಭೆಗೆ ಹೋದಾಗ ಸದಸ್ಯರು ಆ ಕೂಸಿಗಾಗಿ ಎದ್ದು ನಿಂತು ಮೌನ ಆಚರಿಸಿದರು. ಆಮೇಲೆ ಕೂತು, ಎಂದಿಗಿಂತ ಜೋರಾಗಿ ಮೇಜು ತಟ್ಟಿದರು. ಅವಳು ಸಕ್ಕರೆ ಹಂಚಿದಳು. ಆ ವರ್ಷವೂ ಹಳ್ಳ ತುಂಬಿತು, ಹರಿಯಿತು, ಇಳಿಯಿತು.

ಯುಗಾದಿಯ ಹೊತ್ತಿಗೆ ಅದೇ ನೇಕಾರನ ಹೆಂಡತಿ ಮತ್ತೆ ಬಸುರಿ ಎಂದು ತಿಳಿಯಿತು. ಸೂಲಗಿತ್ತಿ ಬೆರಳು ಮಡಿಸಿ ಎಣಿಸಿದಳು. ಶ್ರಾವಣ. ಹಳ್ಳ ದಡ ಮೀರುವ ತಿಂಗಳು.

ಅವಳು ಪುರಸಭೆಯ ಗುಮಾಸ್ತನ ಹತ್ತಿರ ಹೋದಳು.

“ನಾಲ್ಕನೇ ಸಲ ಕೇಳ್ತೀಯಾ ಅಜ್ಜಿ? ಕೇಳು ಕೇಳು. ಹೂಂ ಅಂತಾರೆ,” ಎಂದ ಗುಮಾಸ್ತ.

“ಹೂಂ ಅಂದ್ರೆ ಏನಾಗುತ್ತೆ ಅಂತ ಗೊತ್ತಾಯ್ತು. ಊಹೂಂ ಅಂದ್ರೆ ಏನಾಗುತ್ತೆ, ಅದನ್ನ ಹೇಳು.”

ಗುಮಾಸ್ತ ತಲೆ ಕೆರೆದುಕೊಂಡ. ಅವನ ಕಾಲದಲ್ಲಿ ಯಾರೂ ಹಾಗೆ ಅಂದಿರಲಿಲ್ಲ. “ಹಳೇ ನಿಯಮ ಒಂದಿದೆ. ಎಲ್ಲರೂ ಬೇಕು ಅಂದ್ರೆ ಕೂತಲ್ಲೇ ಮುಗೀತು. ಒಬ್ಬ ಬೇಡ ಅಂದ್ರೂ ಸಭೆಗೆ ಸಭೆಯೇ ಎದ್ದು ಹೋಗಿ ಜಾಗ ನೋಡಬೇಕು. ಅಲ್ಲೇ ನಿಂತು ತೀರ್ಮಾನ ಮಾಡಬೇಕು.”

“ಅದಕ್ಕೇ ಯಾರೂ ಬೇಡ ಅನ್ನಲ್ಲ.”

“ಹೊರಗೆ ಬಿಸಿಲಲ್ವಾ ಅಜ್ಜಿ,” ಎಂದ ಗುಮಾಸ್ತ.

ಅವಳು ಅಲ್ಲಿಂದ ನೇರ ತನ್ನ ಬೀದಿಯ ಸದಸ್ಯನ ಮನೆಗೆ ಹೋದಳು. ಅವನನ್ನು ಭೂಮಿಗೆ ಇಳಿಸಿ ಹೊಕ್ಕುಳ ಬಳ್ಳಿ ಕತ್ತರಿಸಿದವಳು ಅವಳೇ. ಈ ಸಲ ಸೇತುವೆ ಬೇಡ ಎಂದು ಹೇಳಬೇಕು ಎಂದಳು.

ಅವನು ಕಿವಿ ಮುಚ್ಚಿಕೊಂಡ. “ಏನು ಮಾತು ಅಜ್ಜಿ! ನಿನ್ನ ಸೇತುವೆಗೆ ನಾನು ಬೇಡ ಅನ್ನೋದಾ? ಮೂರು ಸಲವೂ ಎಲ್ಲರಿಗಿಂತ ಮೊದಲು ಮೇಜು ತಟ್ಟಿದ ಕೈ ಇದು.”

“ಗೊತ್ತಪ್ಪ. ನೀನು ಹುಟ್ಟುವಾಗಲೂ ಮೊದಲು ಹೊರಗೆ ಬಂದದ್ದು ಅದೇ ಕೈ. ಅವತ್ತೂ ಅದರಿಂದ ತೊಂದರೆಯೇ ಆಗಿತ್ತು,” ಎಂದು ಅವಳು ಎದ್ದಳು.

ಇನ್ನೂ ಹಲವು ಬಾಗಿಲು ತಟ್ಟಿದಳು. ಎಲ್ಲರೂ ಅವಳ ಪರ. ಎಲ್ಲರೂ ಕೂರಿಸಿ ಕಾಫಿ ಕೊಟ್ಟರು. ಬೇಡ ಎನ್ನುವ ಕೆಟ್ಟತನ ಒಬ್ಬರಲ್ಲೂ ಇರಲಿಲ್ಲ.

ಕೊನೆಗೆ ಉಳಿದವನು ಒಬ್ಬ ಎಣ್ಣೆ ವ್ಯಾಪಾರಿ. ಅವನೂ ಸದಸ್ಯನೇ. ಆ ಹಳ್ಳಕ್ಕೆ ಸೇತುವೆ ದಂಡ ಎಂದು ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳುವುದು, ಸಭೆಯಲ್ಲಿ ಎಲ್ಲರ ಜೊತೆ ಮೇಜು ತಟ್ಟುವುದು ಅವನ ರೀತಿ.

“ಮೊಳಕಾಲು ನೀರು. ಪಂಚೆ ಎತ್ತಿ ಕಟ್ಟಿದರೆ ದಾಟಬಹುದು. ಅದಕ್ಕೆ ಕಲ್ಲಿನ ಕಂಬ ಬೇರೆ ಕೇಡು,” ಎಂದು ಅವಳಿಗೂ ಹೇಳಿದ.

“ಇದನ್ನೇ ಸಭೆಯಲ್ಲಿ ಹೇಳು.”

“ಹೇಳಿದರೆ ಕೇರಿಯವರು ನನ್ನ ಅಂಗಡಿ ಮುಂದೆ ಉಗೀತಾರೆ.”

“ಈಗಲೂ ಉಗೀತಾರೆ. ನಿನ್ನ ಎಣ್ಣೆ ನೋಡಿ.”

ವ್ಯಾಪಾರಿಗೆ ನಗು ಬಂತು, ತಡೆದುಕೊಂಡ. “ಸೇತುವೆ ಬೇಕಾದವಳು ನೀನು. ಬೇಡ ಅನ್ನು ಅಂತ ನನಗೆ ಹೇಳ್ತೀಯ. ತಲೆ ನೆಟ್ಟಗಿದೆಯಾ ನಿಂದು?”

“ನೆಟ್ಟಗಿದೆ. ಬೇಕು ಅನ್ನೋರನ್ನ ಮೂರು ವರ್ಷ ನೋಡಿದೆ.”

ವ್ಯಾಪಾರಿ ತಕ್ಕಡಿಯ ಕಡೆ ನೋಡುತ್ತ ಕೂತ. ಅವನ ನಿಜವಾದ ಅಭಿಪ್ರಾಯ ತಮಗೆ ಬೇಕು ಎಂದು ಇದುವರೆಗೆ ಯಾರೂ ಬಂದು ಕೇಳಿರಲಿಲ್ಲ. ಆಗಲಿ ಎಂದ.

ಸೂಲಗಿತ್ತಿ ಮಳೆಗೆ ಕಾದಳು. ವೈಶಾಖದಲ್ಲಿ ಭರಣಿ ಮಳೆ ಹೊಡೆಯಿತು. ಮರುದಿನ ಸಭೆಯಿತ್ತು. ಅವಳು ಕೈಯಲ್ಲಿ ಸಕ್ಕರೆಯಿಲ್ಲದೆ ಹೋಗಿ ನಿಂತಳು. ಅಧ್ಯಕ್ಷ ಅದನ್ನು ಗಮನಿಸಿದ, ಆದರೂ ಕೋರಿಕೆಯನ್ನು ಹೇಳಿದ. ಕೈಗಳು ಮೇಲೆದ್ದವು.

“ಬೇಡ,” ಎಂದ ಎಣ್ಣೆ ವ್ಯಾಪಾರಿ.

ಕೈಗಳು ಗಾಳಿಯಲ್ಲೇ ನಿಂತವು. ಒಂದು ಕೈ ಮಾತ್ರ ತಡೆಯಲಾಗದೆ ಮೇಜಿನ ಮೇಲೆ ಬಿತ್ತು. ಅದು ಅವಳ ಬೀದಿಯ ಸದಸ್ಯನದು.

ಗುಮಾಸ್ತ ಎದ್ದು ನಿಯಮ ಹೇಳಿದ. ಅಧ್ಯಕ್ಷ ಕಿಟಕಿಯಾಚೆಯ ಕೆಸರನ್ನು ನೋಡಿದ. ಆಮೇಲೆ ಮುದುಕಿಯ ಕಡೆ ತಿರುಗಿ ಮಾತಿನಲ್ಲಿ ಜೇನು ಸುರಿಸಿದ. “ಇಷ್ಟೆಲ್ಲ ಯಾಕೆ ಅಜ್ಜಿ? ಆ ಹೆಂಗಸನ್ನ ಹೆರಿಗೆ ತನಕ ಈಚೆಗೇ ಕರಕೊಂಡು ಬಂದುಬಿಡು.”

“ಕರಕೊಂಡು ಬರ್ತೀನಿ ಸ್ವಾಮಿ. ಅದೇ ಕೇರಿಯಲ್ಲಿ ಇನ್ನೂ ಬಸುರಿಯರಿದ್ದಾರೆ. ಅವರಿಗೆಲ್ಲ ನಿಮ್ಮ ಮನೆಯಲ್ಲಿ ಚಾಪೆ ಹಾಸಿಸ್ತೀರಾ?”

ಅಧ್ಯಕ್ಷ ಚಪ್ಪಲಿ ಮೆಟ್ಟಿಕೊಂಡ.

ಸೂಲಗಿತ್ತಿ ಮುಂದೆ ನಡೆದಳು. ಹಿಂದೆ ಬಿಳಿ ಪಂಚೆಗಳ ಸಾಲು. ಹಳ್ಳದ ದಡ ತಲುಪುವ ಹೊತ್ತಿಗೆ ಪಂಚೆಗಳು ಬಿಳಿಯಾಗಿ ಉಳಿದಿರಲಿಲ್ಲ. ಹಳ್ಳ ಕೆಂಪಗೆ ಹರಿಯುತ್ತಿತ್ತು. ಆಚೆ ದಡದಲ್ಲಿ ಕೇರಿಯವರು ನೋಡುತ್ತ ನಿಂತಿದ್ದರು. ಅವರ ನಡುವೆ ಆ ನೇಕಾರನ ಹೆಂಡತಿಯೂ ಇದ್ದಳು.

“ನೋಡಿ, ಮೊಳಕಾಲು ನೀರು,” ಎಂದು ವ್ಯಾಪಾರಿ ಪಂಚೆ ಎತ್ತಿ ಕಟ್ಟಿ ಹಳ್ಳಕ್ಕೆ ಇಳಿದ.

ಅವನು ಸುಳ್ಳುಗಾರನಲ್ಲ. ನೀರು ಮೊದಲು ಮೊಳಕಾಲಿಗೇ ಬಂತು. ಮುಂದಿನ ಹೆಜ್ಜೆಗೆ ಸೊಂಟಕ್ಕೆ ಬಂತು. ಅದರ ಮುಂದಿನ ಹೆಜ್ಜೆ ಅವನು ಇಡಲಿಲ್ಲ, ಹಳ್ಳವೇ ಇಡಿಸಿತು. ಒಂದು ಬಂಡೆಯನ್ನು ತಬ್ಬಿಕೊಂಡು ಅರಚಿದ. ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಶಾಲು!” ಎಂದು ಸೂಲಗಿತ್ತಿ ಗದರಿದಳು. ಹೆಗಲ ಮೇಲಿದ್ದ ಸನ್ಮಾನದ ಶಾಲುಗಳನ್ನು ಬಿಚ್ಚಿಸಿ, ಗಂಟು ಹಾಕಿ, ಅವನತ್ತ ಎಸೆಯಿಸಿ ಎಳೆಸಿದಳು. ಆ ಶಾಲುಗಳು ಊರಿನ ಕೆಲಸಕ್ಕೆ ಬಂದದ್ದು ಅದೇ ಮೊದಲು.

ವ್ಯಾಪಾರಿ ದಡಕ್ಕೆ ಬಿದ್ದು ನೀರು ಕಕ್ಕಿದ. ಅಧ್ಯಕ್ಷ ಕೇಳಿದ, “ಈಗ ಏನಂತೀರಿ?”

ವ್ಯಾಪಾರಿ ಆಚೆ ದಡದ ಬಸುರಿಯನ್ನು ನೋಡಿದ. “ಮೊಳಕಾಲಲ್ಲ,” ಎಂದ. “ಬೇಕು.”

ಉಳಿದವರ ಕೈಗಳು ಮೇಲೆದ್ದವು. ಆದರೆ ಅಲ್ಲಿ ತಟ್ಟಲು ಮೇಜಿರಲಿಲ್ಲ. ಎದುರಿಗೆ ಇದ್ದದ್ದು ಹಳ್ಳವೊಂದೇ. ಎಲ್ಲಿ ಕಂಬ, ಯಾರ ಕಲ್ಲು, ಯಾವತ್ತು ಶುರು ಎಂದು ನಿಂತಲ್ಲೇ ಮಾತಾಡಬೇಕಾಯಿತು. ಎರಡು ಕಂಬ ಎಂದರು ಒಬ್ಬರು. ಸಾಲದು ಎಂದ ವ್ಯಾಪಾರಿ. ಇಷ್ಟು ಎತ್ತರ ಎಂದರು ಇನ್ನೊಬ್ಬರು. ಸಾಲದು ಎಂದ. ಹಳ್ಳವನ್ನು ತನ್ನ ಮೈಯಿಂದಲೇ ಅಳೆದಿದ್ದವನಿಗೆ ಎದುರು ಹೇಳುವವರು ಯಾರೂ ಇರಲಿಲ್ಲ. ಕೆಲಸ ನಡೆದಷ್ಟು ದಿನವೂ ಅವನು ಬಂದು ನಿಂತು ಬೇಡ, ಸಾಲದು, ಬಿಚ್ಚಿ ಕಟ್ಟಿ ಎನ್ನುತ್ತಲೇ ಇದ್ದ. ಆಷಾಢ ಮುಗಿಯುವ ಹೊತ್ತಿಗೆ ಸೇತುವೆ ನಿಂತಿತು.

ಶ್ರಾವಣದ ಒಂದು ಮಧ್ಯಾಹ್ನ ಹಳ್ಳ ದಡ ಮೀರಿ ಹರಿಯುತ್ತಿದ್ದಾಗ ಆಚೆಯಿಂದ ಕರೆ ಬಂತು. ಸೂಲಗಿತ್ತಿ ತನ್ನ ಗಂಟು ಹಿಡಿದು, ಕೆಳಗೆ ನೋಡದೆ, ಸೇತುವೆಯ ಮೇಲೆ ನಡೆದು ಹೋದಳು. ಸಂಜೆಯೊಳಗೆ ಕೂಸು ಅತ್ತಿತು.

ವಾಪಸು ಬರುವಾಗ ನೇಕಾರ ಅವಳ ಸೆರಗಿಗೆ ಸಕ್ಕರೆ ಹಾಕಿದ. ಅವಳು ಪುರಸಭೆಯ ಮುಂದೆ ನಿಲ್ಲದೆ ಹೋಗಿ, ಅದನ್ನು ಎಣ್ಣೆ ಅಂಗಡಿಯ ಕಟ್ಟೆಯ ಮೇಲೆ ಸುರಿದಳು.

“ನನಗ್ಯಾಕೆ? ಬೇಡ ಅಂದವನು ನಾನು,” ಎಂದ ವ್ಯಾಪಾರಿ.

“ನೀರಿಗೆ ಇಳಿದವನೂ ನೀನೇ. ತಿನ್ನು,” ಎಂದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು. ಅವನು ಕೈಜೋಡಿಸಿ, “ಎಂಥ ಸತ್ಯ ಗುರುಗಳೇ! ಪೂರ್ತಿ ಒಪ್ಪಿದೆ,” ಎಂದ.

“ಮೇಜು ತಟ್ಟಿದ್ದು ಕೇಳಿಸಿತು, ಹಳ್ಳಕ್ಕೆ ಯಾವಾಗ ಇಳಿಯುತ್ತೀಯ?” ಎಂದರು ಗುರು.