ಕಿವಿಯಲ್ಲಿ ಊದಿದ ಹೆಸರು

ಹೊಳೆದಂಡೆಯ ಮಠದ ಅಜ್ಜನಿಗೂ ಒಂದು ಹೆಸರಿತ್ತು. ಅದನ್ನು ಹಿಡಿದು ಕರೆಯುವಷ್ಟು ವಯಸ್ಸಾದವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವರು ಅಜ್ಜ.

ಅಜ್ಜನ ಶಿಷ್ಯ ಮಡಿವಾಳಯ್ಯ. ಮುಂದೊಂದು ದಿನ ಗದ್ದುಗೆ ಏರುವವನೆಂದು ಊರವರು ಆಗಲೇ ಅವನನ್ನು ಮರಿಸ್ವಾಮಿ ಎನ್ನುತ್ತಿದ್ದರು. ಹಾಗೆ ಕರೆಸಿಕೊಳ್ಳುವುದು ಅವನಿಗೂ ಹಿತವಾಗಿತ್ತು. ಯಾರಿಗಿರುವುದಿಲ್ಲ ಹೇಳಿ.

ಆ ವರ್ಷ ನಾಯಿಕೆಮ್ಮು ಬಂತು. ಮಠದಲ್ಲಿ ಉಂಡು ಓದುವ ಹುಡುಗರು ಒಬ್ಬರ ಹಿಂದೊಬ್ಬರು ಬಿದ್ದರು. ಕೆಮ್ಮಿ ಕೆಮ್ಮಿ, ಕೊನೆಗೆ ಉಸಿರೆಳೆಯಲು ಹೋಗಿ ಕೂಗಿದಂತೆ ಸದ್ದು ಮಾಡಿ, ತಿಂದದ್ದೆಲ್ಲ ಕಾರಿಕೊಳ್ಳುತ್ತಿದ್ದರು.

ಅವರ ತಲೆ ಹಿಡಿದವನು, ಬಾಯಿ ಒರೆಸಿದವನು ಮಡಿವಾಳಯ್ಯನೇ. ಅವನಿಗೇನೂ ಆಗಲಿಲ್ಲ. ತಾಲೂಕಿನ ಡಾಕ್ಟರಮ್ಮ ಹಿಂದಿನ ವರ್ಷವೇ ಮಠದಲ್ಲಿದ್ದವರಿಗೆಲ್ಲ ಅದರ ಚುಚ್ಚುಮದ್ದು ಹಾಕಿ ಹೋಗಿದ್ದರು; ಈ ಹುಡುಗರು ಆಮೇಲೆ ಬಂದು ಸೇರಿದವರು. ಗಂಟಲಲ್ಲಿ ಒಂಚೂರು ಕೆರೆತ, ಅಷ್ಟೆ.

ಅದೇ ಹೊತ್ತಿಗೆ ಅಂಬಿಗರ ಫಕೀರಪ್ಪನ ಮನೆಯಲ್ಲಿ ತೊಟ್ಟಿಲು ಕಟ್ಟಿದರು. ಹೆಣ್ಣು ಕೂಸು. ಮಠದವರು ಹೋಗಿ ಕೂಸಿನ ಕಿವಿಯಲ್ಲಿ ಮಂತ್ರ ಹೇಳಿ ಹೆಸರು ಊದುವುದು ಆ ಕಡೆಯ ರೂಢಿ. ಅಜ್ಜನಿಗೆ ಮೊಣಕಾಲು ಹಿಡಿದಿತ್ತು.

"ನೀ ಹೋಗು," ಎಂದರು ಅಜ್ಜ. "ಹೊಸ್ತಿಲ ಹೊರಗ ನಿಂತು ಹೆಸರು ಹೇಳಿ ಬಾ. ಒಳಗ ಹೋಗಬ್ಯಾಡ."

"ಯಾಕ್ರಿ ಅಜ್ಜಾರ? ನನಗ ಏನೂ ಆಗಿಲ್ಲಲ್ರಿ."

"ಅದಕ್ಕ ಹೇಳಿದೆ. ಕೆಮ್ಮೋ ಹುಡುಗರ ನಡುವ ಇದ್ದವ ನೀ."

ಮಡಿವಾಳಯ್ಯ ಹೋದ. ಹೊರಗೆ ನಿಂತ ಕೂಡ. ಬಾಣಂತಿ ರೇಣವ್ವ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು.

"ಮರಿಸ್ವಾಮ್ಯಾರ, ಅಂಗಳದಾಗ ನಿಂತು ಕೂಗಾಕ ನನ್ನ ಮಗಳೇನು ದನಾ ಏನ್ರಿ? ಒಳಗ ಬಂದು ಕಿವ್ಯಾಗ ಊದ್ರಿ."

ಅಜ್ಜನನ್ನು ಬಿಟ್ಟು ಅವನನ್ನೇ ಕರೆದದ್ದು ಅದೇ ಮೊದಲು. ಅವನು ನೆಟ್ಟಗಾದ, ಒಳಗೆ ಹೋದ. ಕೂಸಿನ ಕಿವಿಗೆ ತುಟಿ ತಾಗಿಸಿ ಮಂತ್ರ ಹೇಳಿದ. ಸೋಮವ್ವ, ಸೋಮವ್ವ, ಸೋಮವ್ವ ಎಂದು ಊದಿದ. ಕೂಸು ನಿದ್ದೆಯಲ್ಲೇ ಮುಖ ಹಿಂಡಿತು, ಹೆಂಗಸರು ನಕ್ಕರು.

ಸೋಮವ್ವ ಕೆಮ್ಮಲೇ ಇಲ್ಲ. ಅಷ್ಟು ಎಳೆಯ ಕೂಸಿಗೆ ಕೆಮ್ಮಲು ಶಕ್ತಿ ಎಲ್ಲಿಯದು? ಹಾಲು ಕುಡಿಯುತ್ತ ಕುಡಿಯುತ್ತ ಉಸಿರಾಡುವುದನ್ನೇ ಮರೆಯುತ್ತಿತ್ತು. ತುಟಿ ನೀಲಿಗಟ್ಟುತ್ತಿತ್ತು. ದೊಡ್ಡ ಆಸ್ಪತ್ರೆಗೆ ಹೊತ್ತೊಯ್ದರು. ಅಲ್ಲಿಂದ ಬಟ್ಟೆಯಲ್ಲಿ ಸುತ್ತಿಕೊಂಡು ತಂದರು. ಮೊದಲ ಸೂಜಿ ಹಾಕಿಸುವಷ್ಟು ವಯಸ್ಸೂ ಅದಕ್ಕೆ ಆಗಿರಲಿಲ್ಲ.

ಊರಿಗೆ ಈಗ ಒಬ್ಬ ಕಳ್ಳ ಬೇಕಾಗಿತ್ತು. ಫಕೀರಪ್ಪನ ತಾಯಿ ದುರಗವ್ವ ಸಿಕ್ಕಳು. ಒಲೆಯ ಹೊಗೆ ಕುಡಿದೂ ಕುಡಿದೂ ಮುದುಕಿಗೆ ಹಳೆಯ ಕೆಮ್ಮು. ಅಜ್ಜಿಯೇ ಕೆಮ್ಮಿ ಕೆಮ್ಮಿ ಮೊಮ್ಮಗಳನ್ನು ತಿಂದಳು ಎಂದರು. ಊರ ಬಾಯಿಗೆ ಬೀಗ ಹಾಕುವವರು ಯಾರು?

ರೇಣವ್ವ ಅತ್ತೆಯ ತಾಟು ಚರಿಗೆಯನ್ನು ಅಂಗಳಕ್ಕೆ ಎಸೆದಳು. ಫಕೀರಪ್ಪ ಬೇಡ ಎನ್ನಲಿಲ್ಲ. ದುರಗವ್ವ ಅವನ್ನು ಆರಿಸಿಕೊಂಡು ಬಂದು ಮಠದ ಮೆಟ್ಟಿಲ ಕೆಳಗೆ ಹೊಳೆಗೆ ಮುಖ ಮಾಡಿ ಕೂತಳು. ಪ್ರಸಾದ ಕೊಡಹೋದರೆ, "ದೂರದಿಂದ ನೀಡ್ರಿ ಮರಿಸ್ವಾಮ್ಯಾರ, ನನ್ನ ಉಸಿರು ಕೆಟ್ಟದ್ದಂತ," ಎನ್ನುತ್ತಿದ್ದಳು.

ಡಾಕ್ಟರಮ್ಮ ಬಂದು ಕೂಸನ್ನು ಮುಟ್ಟಿದವರ ಮೂಗಿಗೆಲ್ಲ ಹತ್ತಿಯ ಕಡ್ಡಿ ಹಾಕಿ ಪರೀಕ್ಷೆಗೆ ಒಯ್ದರು. ಮತ್ತೆ ಬಂದಾಗ ನೆಟ್ಟಗೆ ಮಠಕ್ಕೇ ಬಂದರು. ಮಡಿವಾಳಯ್ಯನನ್ನು ಅಜ್ಜನ ಎದುರು ಕೂರಿಸಿಕೊಂಡರು.

"ಆ ಮನೆಯವರ ಯಾರ ಮೂಗಿನಲ್ಲೂ ರೋಗಾಣು ಸಿಗಲಿಲ್ಲ. ಅಜ್ಜಿಯದರಲ್ಲೂ ಇಲ್ಲ. ಸಿಕ್ಕಿದ್ದು ನಿಮ್ಮದರಲ್ಲಿ."

"ನನಗ ಜಡ್ಡು ಬಂದಿಲ್ಲಲ್ರಿ ಡಾಕ್ಟರಮ್ಮಾರ."

"ಬಂದಿಲ್ಲ. ತೋಳಿಗೆ ಹಾಕಿದ ಮದ್ದು ರಕ್ತದಲ್ಲಿ ಕಾವಲು ಕಾಯುತ್ತದೆ, ರೋಗ ನಿಮ್ಮ ಎದೆಗೆ ಇಳಿಯಲಿಲ್ಲ. ಮೂಗು, ಗಂಟಲಿನ ಒಳಗಿನ ಒದ್ದೆ ಪೊರೆಯಲ್ಲಿ ಆ ಕಾವಲು ಕಡಿಮೆ. ರೋಗಾಣು ಅಲ್ಲಿ ಕೆಲವು ದಿನ ಇದ್ದು ಉಸಿರಿನ ಜೊತೆ ಹೊರಗೆ ಹೋಗಿದೆ. ಆ ಪೊರೆಗೇ ಕಾವಲು ಕಲಿಸಲಿ ಎಂದು ಮೂಗಿಗೆ ಹಾಕುವ ಲಸಿಕೆಯನ್ನು ಪರೀಕ್ಷೆ ಮಾಡುತ್ತಿದ್ದಾರೆ. ನಮ್ಮ ಕೈಗೆ ಇನ್ನೂ ಬಂದಿಲ್ಲ."

ಗುಳಿಗೆ ಕೊಟ್ಟು, ಮೂಗು ಬಾಯಿ ಮುಚ್ಚಿಕೊಂಡಿರಲು ಹೇಳಿ ಅವರು ಹೋದರು. ಮಡಿವಾಳಯ್ಯ ಹೊತ್ತು ಇಳಿಯುವವರೆಗೆ ಕೂತಲ್ಲಿಂದ ಏಳಲಿಲ್ಲ. ಕೂಸಿನ ಕಿವಿಯ ಬಳಿ ಬಂದಿದ್ದ ಎಣ್ಣೆಯ ವಾಸನೆ ಅವನ ಮೂಗಿನಿಂದ ಹೋಗುತ್ತಲೇ ಇರಲಿಲ್ಲ.

"ಅಜ್ಜಾರ, ನಾನು ಜಡ್ಡಿಗೆ ಬೀಳಲಿಲ್ಲ. ಮತ್ತ ಆ ಕೂಸನ್ನ ಹೆಂಗ ಕೊಂದೆ?"

ಅಜ್ಜ ಒಲೆಯ ಕಡೆ ನೋಡಿದರು. ಮಠದ ನಾಯಿ ಅಲ್ಲಿ ಬೆಚ್ಚಗೆ ಮಲಗಿತ್ತು.

"ಹ್ವಾದ ಸುಗ್ಗ್ಯಾಗ ಕಳ್ಳ ಬಂದಿದ್ದ. ಎಲ್ಲಿ ಕುಂತಿದ್ದ?"

"ನಮ್ಮ ಮಠದ ಕಟ್ಟಿ ಮ್ಯಾಲ. ಮುಂಜಾನೆ ಬೀಡಿ ತುಂಡು ಬಿದ್ದಿದ್ದುವು."

"ನಾಯಿ ಎಲ್ಲಿತ್ತು?"

"ಒಲಿ ಮುಂದ."

"ನಮ್ಮದು ಏನು ಹೋತು?"

"ಏನೂ ಹೋಗಲಿಲ್ರಿ. ಒಳಗ ನಾಯಿ ಇತ್ತಲ್ಲ."

"ಯಾರದು ಹೋತು?"

ಮಡಿವಾಳಯ್ಯ ಒಲೆಯ ಮುಂದಿನ ನಾಯಿಯ ಕಡೆ ನೋಡಿದ. "ಬಾಜೂ ಮನೀದು," ಎಂದ ಕೊನೆಗೆ.

"ಹಂಗಾರ ಆ ಸೂಜಿ ಯಾಕ ಬೇಕ್ರಿ ಅಜ್ಜಾರ?" ಎಂದು ಮರುಕ್ಷಣ ಅವನೇ ಸಿಟ್ಟಿನಿಂದ ಕೇಳಿದ.

"ಒಲಿ ಮುಂದಿನ ನಾಯೀನ ಹೊಡದು ಹಾಕು ಅಂತೀ ಏನು? ಅದು ಇರಲಿಲ್ಲಂದ್ರ ನಮ್ಮ ಮನೀನೂ ಹೋಗತಿತ್ತು."

ಮಡಿವಾಳಯ್ಯ ಅಜ್ಜನ ಪಾದ ಹಿಡಿದುಕೊಂಡ. ಅಳು ತಡೆಯಲಾಗಲಿಲ್ಲ.

"ನಾ ಇನ್ನ ಮ್ಯಾಲ ಮೌನ ಹಿಡೀತೀನ್ರಿ. ಸಾಯೂತನಕ ಬಾಯಿ ಬಿಚ್ಚೂದಿಲ್ಲ."

"ಬಾಯಿ ಮುಚ್ಚಿದ್ರ ಉಸಿರು ನಿಂದರತೈತೇನು?"

ಕೆಳಗೆ ದುರಗವ್ವ ಕೆಮ್ಮಿದಳು. ಯಾರಿಗಾದರೂ ಕೇಳೀತೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮಿದಳು. ಅದು ಇಬ್ಬರಿಗೂ ಕೇಳಿಸಿತು.

"ಆಕಿ ಯಾರ ಕೆಮ್ಮು ಕೆಮ್ಮಾಕತ್ಯಾಳ?" ಎಂದರು ಅಜ್ಜ.

ಮಡಿವಾಳಯ್ಯ ತಲೆ ಎತ್ತಲಿಲ್ಲ. ನೆಪಗಳು ಮಾತ್ರ ತಡವಿಲ್ಲದೆ ಬಂದವು.

"ನಾ ನಿಜ ಹೇಳಿದ್ರ ಸೂಜಿ ಹಾಕಿಸಿಕೊಂಡವನೇ ಜಡ್ಡು ತಂದ ಅಂತಾರ್ರಿ. ನಾಳೆ ಒಬ್ಬರೂ ತಮ್ಮ ಮಕ್ಕಳಿಗೆ ಸೂಜಿ ಹಾಕಿಸೂದಿಲ್ಲ. ಊರ ಒಳ್ಳೇದಕ್ಕಾದ್ರೂ..."

"ಈಗ ನೀ ಉಳಸಾಕ ಹೊಂಟಿದ್ದು ಸೂಜೀನೋ, ನಿನ್ನ ಹೆಸರನ್ನೋ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಾಯಿತು ಮಡಿವಾಳಯ್ಯನ ಪಾಡು.

ಬೆಳಗಾಗುತ್ತಲೇ ಅಜ್ಜ ಕೋಲೂರಿಕೊಂಡು ಮೆಟ್ಟಿಲಿಳಿದರು. ಮೊಣಕಾಲು ಇನ್ನೂ ನೋಯುತ್ತಿತ್ತು. ಮಡಿವಾಳಯ್ಯ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಿಂದೆ ನಡೆದ.

"ಏಳವ್ವ, ಮನಿಗೆ ಹೋಗೂಣು," ಎಂದರು ಅಜ್ಜ.

"ನನಗ ಮನಿ ಎಲ್ಲೈತ್ರಿ ಅಜ್ಜಾರ?" ಎಂದಳು ದುರಗವ್ವ. ಆದರೂ ತಾಟು ಚರಿಗೆ ಎತ್ತಿಕೊಂಡು ದೂರದಿಂದ ಹಿಂಬಾಲಿಸಿದಳು.

ಫಕೀರಪ್ಪ ಅಂಗಳದಲ್ಲಿ ದೋಣಿಯ ಹುಟ್ಟು ಕೆತ್ತುತ್ತಿದ್ದ. ರೇಣವ್ವ ಬಾಗಿಲಲ್ಲಿ ಕೂತಿದ್ದಳು. ಅವಳ ಕುಪ್ಪಸ ಹಾಲಿನಿಂದ ತೊಯ್ದಿತ್ತು. ಕೂಸು ಹೋಗಿದೆ ಎಂದು ಎದೆಗೆ ಇನ್ನೂ ತಿಳಿದಿರಲಿಲ್ಲ.

ಅಜ್ಜ ಅಂಗಳದ ಆಚೆಯೇ ನಿಂತರು. ಮಡಿವಾಳಯ್ಯ ಹೊಸ್ತಿಲಿಗೆ ಮಾರು ದೂರದಲ್ಲಿ ನಿಂತ.

"ಅಕ್ಕಾರ, ನಿಮ್ಮ ಅತ್ತಿ ಕೆಮ್ಮಿನಿಂದ ಕೂಸು ಹೋಗಿಲ್ಲ. ಆ ಜಡ್ಡು ನನ್ನ ಮೂಗಿನ್ಯಾಗ ಇತ್ತು. ಅಜ್ಜಾರು ಒಳಗ ಹೋಗಬ್ಯಾಡ ಅಂದಿದ್ರು, ನಾ ಹ್ವಾದೆ. ಹೆಸರು ಊದುವಾಗ ಕಿವ್ಯಾಗ ಊದಿದ್ದು ಅದನ್ನ."

ಫಕೀರಪ್ಪ ಹುಟ್ಟು ಹಿಡಿದುಕೊಂಡು ಎದ್ದ. ಮಡಿವಾಳಯ್ಯ ಕದಲಲಿಲ್ಲ. ಹೊಡೆದರೆ ಹೊಡೆಯಲಿ ಎಂದುಕೊಂಡ. ಫಕೀರಪ್ಪ ಹುಟ್ಟನ್ನು ನೆಲಕ್ಕೆ ಹಾಕಿದ. ಅವನು ಅಲ್ಲೇ ಕುಕ್ಕರಿಸಿದ.

ರೇಣವ್ವ ಬಹಳ ಹೊತ್ತು ಮಡಿವಾಳಯ್ಯನನ್ನು ನೋಡಿದಳು. ಆಮೇಲೆ ಅವನ ಹಿಂದೆ ನೋಡಿದಳು.

"ಅತ್ತೀ, ಒಳಗ ಬರ್ರಿ."

ದುರಗವ್ವ ಅಂಜುತ್ತಲೇ ಹೊಸ್ತಿಲು ದಾಟಿದಳು. ಸೊಸೆ ಆಕೆಯ ಕೈಯ ತಾಟು ಇಸಿದುಕೊಂಡಳು.

ಮಡಿವಾಳಯ್ಯ ಒಂದು ಹೆಜ್ಜೆ ಮುಂದಿಟ್ಟ. ಕಾಲಿಗೆ ಬೀಳಬೇಕೆಂದಿದ್ದನೋ ಏನೋ.

"ನೀವು ಅಲ್ಲೇ ನಿಂದರ್ರಿ," ಎಂದಳು ರೇಣವ್ವ. ಬಾಗಿಲು ಹಾಕಿಕೊಂಡಳು.

ಗುರು ಶಿಷ್ಯರಿಬ್ಬರೂ ಹೊಳೆಯ ದಾರಿ ಹಿಡಿದರು. ಮಠದ ಮೆಟ್ಟಿಲು ಬಂದಾಗ ಅಜ್ಜ ಕೋಲು ಊರಿ ನಿಂತರು.

"ಡಾಕ್ಟರಮ್ಮ ಹೂಂ ಅಂದಮ್ಯಾಲ ಕುಂಬಾರ ಓಣಿಗೆ ಹೋಗು. ಅಲ್ಲೊಂದು ಮನ್ಯಾಗ ತೊಟ್ಟಿಲು ಕಟ್ಟತಾರ. ಹೆಸರಿಡಾಕ ಕರದಾರ."

"ನಾ ಒಲ್ಲೆ ಅಜ್ಜಾರ. ನನ್ನ ಉಸಿರು ಕಂಡ್ರ ನನಗ ಅಂಜಿಕಿ."

"ಅಂಜಿಕಿ ಇದ್ದವನೇ ಹೋಗಬೇಕು. ಒಳಗ ಕರೀತಾರ, ಕೈ ಹಿಡಿದು ಎಳೀತಾರ, ನೀ ದಾಟಬ್ಯಾಡ. ಬ್ಯಾರೆ ಯಾರನ್ನೂ ದಾಟಾಕ ಬಿಡಬ್ಯಾಡ. ಆ ಮೂಗಿನ ಮದ್ದು ಬರೂತನಕ ಹೊಸ್ತಿಲದಾಗ ಮಲಗೋ ನಾಯಿ ನೀನೇ."