ಕಾರಿಗೆ ನೀರೆರೆದ ವಕೀಲರು

ಒಂಟಿಕೊಪ್ಪಲಿನ ವಕೀಲ ನಂಜರಾಜಯ್ಯನವರಿಗೆ ಅಪ್ಪನ ಕಾಲದ ಕಾರೆಂದರೆ ಜೀವ. "ಇದು ನನ್ನ ಹಿರೀ ಮಗ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ದಿನಾ ಬೆಳಿಗ್ಗೆ ಅದಕ್ಕೆ ನೀರು ಹಾಕಿಸಿ, ಒರೆಸಲೂ ಬಿಡದೆ, ಧೂಳು ಕೂರುತ್ತದೆಂದು ಆಗಲೇ ಟಾರ್ಪಾಲು ಹೊದಿಸುತ್ತಿದ್ದರು. ಬಾಗಿಲ ಬುಡದಲ್ಲಿ ತುಕ್ಕು ಹಿಡಿಯಿತು.

ಬೈಸಿಕೊಂಡವನು ಡ್ರೈವರ್ ಕೆಂಪಯ್ಯ. "ಇನ್ನೊಂದು ಚುಕ್ಕೆ ತುಕ್ಕು ಕಂಡರೆ ನಿನಗೆ ಕೆಲಸವಿಲ್ಲ!"

"ಒದ್ದೆ ಆರಬೇಕು, ಬುದ್ಧಿ."

"ನನಗೇ ವಾದ ಹೇಳಿಕೊಡ್ತೀಯಾ?"

ವಕೀಲರು ಜಡ್ಜಿಗೆ ಹೆದರದಿದ್ದರೂ ಹೆಂಡತಿಗೆ ಹೆದರುತ್ತಿದ್ದರು. ಕೆಂಪಯ್ಯ ಅಲ್ಲಿಗೇ ಅಪೀಲು ಹೋದ. ಗೌರಮ್ಮನವರು ಮೊಮ್ಮಗುವಿಗೆ ನೀರೆರೆದು, ಒರೆಸಿ, ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದರು.

"ಅಮ್ಮಾವ್ರೇ, ಮಗೂಗೆ ನೀರು ಹಾಕಿ, ಒರೆಸದೆ ಹಂಗೇ ಕಂಬಳಿ ಹೊದಿಸಬಹುದಾ?"

"ಶೀತ ಆಗಲ್ವೇನೋ! ಯಾವ ಪಾಪಿ ಹಾಗೆ ಮಾಡಿದ್ದು?"

"ನಮ್ಮ ಯಜಮಾನ್ರು. ಅವರ ಹಿರೀ ಮಗನಿಗೆ."

ಗೌರಮ್ಮನವರ ನಗು, ಬೈಗುಳ ಎರಡೂ ಒಟ್ಟಿಗೇ ಆಫೀಸು ಕೋಣೆಗೆ ನುಗ್ಗಿದವು.

ಮಾರನೇ ದಿನ ವಕೀಲರೇ ಪಂಚೆ ಎತ್ತಿ ಕಟ್ಟಿ, ಮೆತ್ತನೆ ಬಟ್ಟೆಯಲ್ಲಿ ಕಾರಿನ ಸಂದುಗೊಂದನ್ನೆಲ್ಲ ಒರೆಸುತ್ತ ಕೂತಿದ್ದರು. ಕೆಂಪಯ್ಯ ಕೈಚಾಚಿದ. "ಕೊಡಿ ಬುದ್ಧಿ, ನಾನು ಒರೆಸ್ತೀನಿ."

"ಸುಮ್ಮನೆ ನಿಂತು ನೋಡಿ ಕಲಿತುಕೊ" ಎಂದು ವಕೀಲರು ಗದರಿದರು. "ನಾಳೆಯಿಂದ ದಿನಾ ನೀನೇ ಹೀಗೆ ಮಾಡಬೇಕು."

ನಾಳೆಗೂ ಕೆಲಸವಿದೆಯೆಂದು ಕೆಂಪಯ್ಯನ ಜೀವ ತಣ್ಣಗಾಯಿತು. "ಆಗಲಿ ಬುದ್ಧಿ, ನೀವು ಹೇಳಿಕೊಟ್ಟ ಹಾಗೇ" ಎಂದ.