ಮೇಷ್ಟ್ರು ರುಚಿ ನೋಡಿದ್ದು

ಬಿಸಿಯೂಟ ಬಡಿಸುವ ಮೊದಲು ಒಬ್ಬ ಮೇಷ್ಟ್ರು ರುಚಿ ನೋಡಲೇಬೇಕು. ಅದು ಶಾಲೆಯ ನಿಯಮ. ಅವತ್ತಿನ ಸರದಿ ಗಣಿತದ ಶಿವನಂಜಪ್ಪ ಮೇಷ್ಟ್ರದ್ದು.

ಅಡುಗೆಯ ಪುಟ್ಟಲಿಂಗಮ್ಮನ ಕಣ್ಣು ಮಾತ್ರ ಮೂಲೆಯಲ್ಲಿ ಅಳುತ್ತ ಕೂತಿದ್ದ ಚಿಕ್ಕತಾಯಿಯ ಮೇಲಿತ್ತು. ಮಗ್ಗಿ ತಪ್ಪಿದಾಗಲೆಲ್ಲ ಮೇಷ್ಟ್ರು ಅವಳನ್ನು ಎಲ್ಲರೆದುರು ದಂಡಪಿಂಡ ಎನ್ನುತ್ತಿದ್ದರು. ನಾಳೆಯಿಂದ ಶಾಲೆಗೇ ಬರಲ್ಲ ಎಂದಿದ್ದಳು ಹುಡುಗಿ.

ಮೇಷ್ಟ್ರು ಗತ್ತಿನಿಂದ ತಟ್ಟೆ ಚಾಚಿದರು. "ಆ ದಂಡಪಿಂಡಕ್ಕೆ ಕೊನೆಗೆ ಬಡಿಸು."

ಪುಟ್ಟಲಿಂಗಮ್ಮ ಅವರ ತಟ್ಟೆಗೆ ಬಡಿಸಿದಳು. "ಆಗಲಿ. ಮೊದಲು ನೀನು ತಿನ್ನು, ದಂಡಪಿಂಡ. ಉಪ್ಪು ಸಾಕಾ?"

ಸಾಲಿನಲ್ಲಿದ್ದ ಮಕ್ಕಳೆಲ್ಲ ಕತ್ತು ಚಾಚಿ ನೋಡಿದರು. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದ ಹೆಡ್‌ಮೇಡಂ ಕಡೆ ತಿರುಗಿದರು. "ಕೇಳಿಸಿತಾ ಮೇಡಂ, ಇವಳು ಅಂದದ್ದು?"

ಪುಟ್ಟಲಿಂಗಮ್ಮ ಸೌಟು ಕೆಳಗಿಟ್ಟಳು. "ಬೇಜಾರಾಯ್ತಾ ಸಾರ್? ನೀವು ಮಕ್ಕಳಿಗೆ ದಿನಾ ಬಡಿಸೋದನ್ನೇ ಒಂದು ಸೌಟು ಹಾಕಿದೆ. ಮೊದಲು ನೀವು ರುಚಿ ನೋಡಬೇಕಲ್ಲ, ನಿಯಮ."

ಹೆಡ್‌ಮೇಡಂ ನಗಲಿಲ್ಲ. "ಕೇಳಿಸಿತು. ಇಷ್ಟು ದಿನ ಕೇಳಿಸಿಕೊಳ್ಳದೆ ಇದ್ದದ್ದು ನನ್ನ ತಪ್ಪು. ನಾಳೆಯಿಂದ ನಿಮ್ಮ ಕ್ಲಾಸಿನಲ್ಲಿ ನಾನೂ ಕೂರ್ತೀನಿ. ಈಗ ಆ ಮಗುವನ್ನು ಹೆಸರು ಹಿಡಿದು ಕರೀರಿ."

ಮೇಷ್ಟ್ರು ಮೂಲೆಯ ಕಡೆ ನಡೆದರು. "ಚಿಕ್ಕತಾಯಿ, ಊಟಕ್ಕೆ ಬಾಮ್ಮ."

ಹುಡುಗಿ ಕಣ್ಣೊರೆಸಿಕೊಂಡು ಬಂದು ಎಲ್ಲರಿಗಿಂತ ಮೊದಲು ತಟ್ಟೆ ಒಡ್ಡಿದಳು. ಒಂದು ತುತ್ತು ತಿಂದು ಮೆಲ್ಲಗೆ ಕೇಳಿದಳು.

"ಅಕ್ಕ, ನಾಳೆ ಏನು ಸಾರು?"